ಹಂದಿ ರೂಪಾಯಿಯ ಕೊಂಡಿ

ಬಾಳಪ್ಪ ಪತ್ತಾರ ಮಾಡಿದ ಕೆಲಸ ಯಾರ ಕಣ್ಣಿಗೂ ಬಿದ್ದಿಲ್ಲ. ಅವನ ಹೆಚ್ಚುಗಾರಿಕೆಯೇ ಅದು. ಖಾನಾಪುರದ ಸ್ಟೇಷನ್ ರಸ್ತೆಯಲ್ಲಿ, ಝೆರಾಕ್ಸ್ ಅಂಗಡಿಗೂ ಸೈಕಲ್ ರಿಪೇರಿಯವನಿಗೂ ನಡುವೆ, ಒಬ್ಬ ಮನುಷ್ಯ ಕಾಲು ಮಡಚಿ ಕೂರುವಷ್ಟು ಜಾಗದಲ್ಲಿ ಅವನ ಅಂಗಡಿ. ಬೋರ್ಡಿಲ್ಲ. ಹೊಸ ಒಡವೆ ಬೇಕಾದವರು ಬೆಳಗಾವಿಗೆ ಹೋಗುತ್ತಾರೆ. ಆ ಒಡವೆ ಮುರಿದಾಗ ಬಾಳಪ್ಪನ ಹತ್ತಿರ ಬರುತ್ತಾರೆ.

ಮುರಿದ ನತ್ತು, ಕಿತ್ತ ಝುಮಕಿ, ಬಿರುಕುಬಿಟ್ಟ ಪಾಟಲಿ, ಏನೇ ಇರಲಿ, ಅವನು ಬೆಸೆದುಕೊಟ್ಟ ಮೇಲೆ ಎಲ್ಲಿ ಮುರಿದಿತ್ತೆಂದು ಹಾಕಿಕೊಳ್ಳುವವಳಿಗೂ ತಿಳಿಯುತ್ತಿರಲಿಲ್ಲ. ಇದರಿಂದ ಅವನಿಗೆ ಹೆಸರು ಬಂದದ್ದಕ್ಕಿಂತ ಜಗಳ ಬಂದದ್ದೇ ಹೆಚ್ಚು. ಮಜೂರಿ ಕೊಡುವ ಹೊತ್ತಿಗೆ ಹೆಂಗಸರು, “ಇದರಾಗ ನೀ ಏನ್ ಮಾಡೀದಿ, ತೋರಸು” ಎನ್ನುತ್ತಿದ್ದರು. ತೋರಿಸಲು ಏನೂ ಇರುತ್ತಿರಲಿಲ್ಲ. ನನ್ನ ತಾಯಿಯೂ ಹಾಗೆ ಕೇಳಿದವಳೇ. ಅವಳ ಪಾಟಲಿಗಳು ಈಗ ನನ್ನ ಹೆಂಡತಿಯ ಕೈಯಲ್ಲಿವೆ. ಎರಡರಲ್ಲಿ ಮುರಿದದ್ದು ಯಾವುದೆಂದು ಕೇಳಿದರೆ ನನಗೆ ಹೇಳಲು ಬಾರದು.

ಎರಡು ಸಾವಿರನೇ ಇಸವಿಯ ಫೆಬ್ರುವರಿಯಲ್ಲಿ ಒಂದು ದಿನ ಮಾರ್ತಾಂಡರಾಯರು ಬೆಳಗಾವಿಯಿಂದ ಬಸ್ಸು ಹಿಡಿದು ಅವನ ಅಂಗಡಿಗೆ ಬಂದರು. ನೀರಾವರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದವರು. ಖಾನಾಪುರದಲ್ಲಿ ಎಂಟು ವರ್ಷ ಕೆಲಸ ಮಾಡಿ, ನಿವೃತ್ತರಾದ ಮೇಲೆ ರಾಮತೀರ್ಥ ನಗರದಲ್ಲಿ ಮನೆ ಕಟ್ಟಿಸಿಕೊಂಡಿದ್ದರು. ಹಳೆಯ ನಾಣ್ಯ ಕೂಡಿಹಾಕುವುದು ಅವರ ಹುಚ್ಚು. ಕೈಚೀಲದಿಂದ ಒಂದು ಗಂಟು ತೆಗೆದು, ಮೊದಲು ಪೇಪರು, ಆಮೇಲೆ ಟವೆಲು, ಅದರೊಳಗಿನ ರೇಷ್ಮೆ ಖಣದ ತುಂಡು, ಒಂದೊಂದಾಗಿ ಬಿಚ್ಚಿದರು.

“ಪತ್ತಾರ್ರ, ಮೊದಲ ಕೈ ಒರಸಿಕೋರಿ,” ಎಂದರು.

“ಮ್ಯಾಲ ಡಬ್ಬಿ ಐತೆಲ್ರೀ?”

“ಡಬ್ಬಿ ಇದ್ದರೂ ಒರಸಿಕೋರಿ.”

ಅಂಗೈಯಷ್ಟಗಲದ, ಗಾಜಿನಂತೆ ತಿಳಿಯಾದ ಗಟ್ಟಿ ಪ್ಲಾಸ್ಟಿಕ್ ಡಬ್ಬಿ. ನಡುವೆ ಬಿಳಿಯ ಬಳೆಯೊಂದರಲ್ಲಿ ಬಿಗಿಯಾಗಿ ಕೂತ ಬೆಳ್ಳಿ ರೂಪಾಯಿ. ಮೇಲೆ ಒಂದು ಚೀಟಿ, ಅದರ ತುಂಬ ಇಂಗ್ಲಿಷು. ಡಬ್ಬಿಗೆ ಮುಚ್ಚಳ ಇರಲಿಲ್ಲ, ತಿರುಪು ಇರಲಿಲ್ಲ. ಎರಡು ಹೋಳುಗಳನ್ನು ಒಂದಾಗಿ ಕರಗಿಸಿ ಸೇರಿಸಿದ್ದರು.

“ಇದು ಅಮೆರಿಕಕ್ಕ ಹೋಗಿ ಬಂದದ,” ಎಂದರು ರಾಯರು. “ಮುಂಬಯಿ ವ್ಯಾಪಾರಿ ಒಬ್ಬರ ಕೈಲೆ ಕಳಿಸಿದ್ದೆ. ಅಲ್ಲಿ ಒಂದು ಕಂಪನಿಯವರು ನಾಣ್ಯ ಖರೇ ಅದನೋ ಖೋಟಾ ಅದನೋ, ಎಷ್ಟು ಸವದದ, ಎಲ್ಲಾ ನೋಡಿ ಮಾರ್ಕು ಹಾಕಿ ಡಬ್ಬಿಯೊಳಗ ಮುಚ್ಚಿ ಕೊಡತಾರ. ಎಪ್ಪತ್ತಕ್ಕ ಅರವತ್ನಾಲ್ಕು ಬಂದದ.”

“ಹಂಗಾರ ಪಾಸಾತಲ್ರೀ.”

“ಪಾಸಾತು. ಅರವತ್ತೈದು ಬಿದ್ದರ ಮಾತ್ರ ಇದರ ಜಾತೀನ ಬ್ಯಾರೆ. ಕಿಮ್ಮತ್ತು ಮೂರು ಪಟ್ಟು.”

“ಒಂದ ಮಾರ್ಕಿಗೆ?”

“ಒಂದ ಮಾರ್ಕಿಗೆ.”

ಮುಂಬಯಿಯ ವ್ಯಾಪಾರಿ ಒಂದು ಉಪಾಯ ಹೇಳಿಕೊಟ್ಟಿದ್ದ. ಡಬ್ಬಿ ಒಡೆದು, ನಾಣ್ಯವನ್ನು ಹೊರಗೆ ತೆಗೆದು, ಹೊಸದಾಗಿ ಸಿಕ್ಕಿದೆ ಎಂಬಂತೆ ಇನ್ನೊಂದು ಕಂಪನಿಗೆ ಕಳಿಸುವುದು. ಡಬ್ಬಿ ಸಮೇತ ಕಳಿಸಿದರೆ ಅವರು ಹಳೆಯ ಮಾರ್ಕು ನೋಡಿ ಅದಕ್ಕೇ ಹೂಂ ಎನ್ನುತ್ತಾರಂತೆ. ಒಡೆದರೆ ಅರವತ್ತೈದು ಬರಬಹುದು. ಅರವತ್ಮೂರೂ ಬರಬಹುದು. ತೆಗೆಯುವಾಗ ಒಂದು ಗೀರು ಬಿದ್ದರೆ ಎಲ್ಲವೂ ಹೋಯಿತು. ನಾಲ್ಕು ತಿಂಗಳಿಂದ ರಾಯರು ಇದೇ ಯೋಚನೆಯಲ್ಲಿದ್ದರು. ದತ್ತಾತ್ರೇಯನ ಫೋಟೋದ ಮುಂದೆ ನಾಲ್ಕು ಸಲ ಚೀಟಿ ಎತ್ತಿದ್ದರು. ಎರಡು ಸಲ ಒಡೆ ಎಂದು ಬಂತು, ಎರಡು ಸಲ ಬೇಡ ಎಂದು ಬಂತು.

“ನನ್ನ ಕೈ ನಡಗತಾವ. ನಮ್ಮ ಮನಿಯವರ ನತ್ತು ನೀವು ಬೆಸದು ಕೊಟ್ಟದ್ದು ನೆನಪಾತು. ಒಡೀಲಿಕ್ಕೆ ನಿಮ್ಮಂಥ ಕೈ ಬೇಕು.”

ಬಾಳಪ್ಪ ಭೂತಗನ್ನಡಿ ಹಿಡಿದು ನೋಡಿದ. ಐದನೇ ಜಾರ್ಜ್ ರಾಜ, ೧೯೧೧ನೇ ಇಸವಿ. ರಾಜನ ಕಿರೀಟದ ಮೇಲೆ, ನಾಣ್ಯದ ಅಂಚಿಗೆ ಹತ್ತಿ, ಉಗುರಿನಷ್ಟು ಜಾಗದಲ್ಲಿ ನೀಲಿ ಬಣ್ಣದ ಕಮಾನು. ಅದರ ಕೆಳಗೆ ಜೇನಿನ ಬಣ್ಣದ ಇನ್ನೊಂದು.

“ಕಂಪನಿಯವರು ಮರುಳಾದದ್ದ ಈ ಬಣ್ಣಕ್ಕ,” ಎಂದರು ರಾಯರು. “ತೊಂಬತ್ತು ವರ್ಷ ಬಟ್ಟಿ ಗಂಟಿನೊಳಗ ಸುಮ್ಮನ ಕೂತರ ಮಾತ್ರ ಬರತದಂತ. ಮನುಷ್ಯಾರ ಕೈಲೆ ಆಗೂ ಕೆಲಸ ಅಲ್ಲಂತ.”

ಬಾಳಪ್ಪ ಭೂತಗನ್ನಡಿ ಕೆಳಗಿಟ್ಟ. “ಇದು ನಿಮಗ ಎಲ್ಲಿ ಸಿಕ್ಕಿತ್ರೀ?”

“ಕಣಕುಂಬಿಯೊಳಗ. ಸರ್ವೆ ಕೆಲಸಕ್ಕ ಹೋಗಿದ್ದೆ. ಎಮ್ಮಿ ಕಾಯೋರ ಪೈಕಿ ಲಕ್ಷ್ಮಪ್ಪ ಅಂತ ಒಬ್ಬಾತ ಕೊಟ್ಟ.”

“ಎಂಟ ದಿನಾ ಬಿಟ್ಟ ನೋಡೂಣ್ರಿ. ಇದನ್ನ ಕೊಯ್ಯಾಕ ಸಣ್ಣ ಗರಗಸ ಬೇಕು. ತರಸಿ ನಿಮ್ಮ ಮನಿಗೇ ಬರತೀನಿ, ಡಬ್ಬಿ ಅಲ್ಲೇ ಇರಲಿ,” ಎಂದ ಬಾಳಪ್ಪ. ಗರಗಸ ಅವನ ಬೆನ್ನ ಹಿಂದೆ ಮೊಳೆಗೆ ತೂಗುಬಿದ್ದಿತ್ತು.

ಅವನು ಯಾಕೆ ಹಾಗೆಂದ ಎಂಬುದು ತಿಳಿಯಬೇಕಾದರೆ ೧೯೭೩ಕ್ಕೆ ಹೋಗಬೇಕು. ಆಗ ಬಾಳಪ್ಪನಿಗೆ ಇಪ್ಪತ್ಮೂರು. ಕಣಕುಂಬಿಯ ಆ ಲಕ್ಷ್ಮಪ್ಪನ ಅಕ್ಕ ಸಿದ್ದಕ್ಕನ ಮದುವೆ ಗೊತ್ತಾಗಿತ್ತು. ಹದಿನೈದು ಬೆಳ್ಳಿ ರೂಪಾಯಿಗೆ ಕೊಂಡಿ ಹಚ್ಚಿ ಸರ ಮಾಡಬೇಕು. ಬಾಳಪ್ಪನ ಅಪ್ಪ ಅವನ ಕೈಗೆ ಸಾಮಾನು ಕೊಟ್ಟು ಕಳಿಸಿದ. ಹುಡುಗಿಯ ಮನೆಯಲ್ಲಿ ಇದ್ದವು ಹದಿನಾಲ್ಕೇ ರೂಪಾಯಿ. ಹುಡುಗಿಯ ತಾಯಿ ಟ್ರಂಕಿನ ತಳದಿಂದ ಬಟ್ಟೆಯ ಗಂಟೊಂದನ್ನು ಬಿಚ್ಚಿ ಹದಿನೈದನೆಯದನ್ನು ತಂದಳು. ನಿನ್ನೆ ಟಂಕಸಾಲೆಯಿಂದ ಬಂದಂತೆ ಹೊಳೆಯುತ್ತಿದ್ದ ಅದನ್ನು ನೋಡಿ ಬಾಳಪ್ಪನಿಗೆ ಆಸೆಯಾಯಿತು. ಅದಕ್ಕೇ ಮೊದಲು ಕೊಂಡಿ ಬೆಸೆದ.

ಅಷ್ಟರಲ್ಲಿ ಹುಡುಗಿಯ ಅಜ್ಜಿ ಹೊರಗಿನಿಂದ ಬಂದಳು. ರೂಪಾಯಿ ನೋಡಿ ಬಾಗಿಲಲ್ಲೇ ನಿಂತಳು.

“ಅದು ಹಂದಿ ರೂಪಾಯಿ. ಮದಿವಿ ಹುಡುಗಿ ಕೊರಳಿಗೆ ಹಂದಿ ಕಟ್ಟತೀರೇನ?”

೧೯೧೧ರ ರೂಪಾಯಿಯಲ್ಲಿ ರಾಜನ ಎದೆಯ ಮೇಲಿನ ಹಾರದಲ್ಲಿ ಸಣ್ಣದೊಂದು ಆನೆ ಇದೆ. ಅಚ್ಚು ಕೆತ್ತಿದವನು ಸೊಂಡಿಲನ್ನು ಗಿಡ್ಡ ಮಾಡಿಬಿಟ್ಟಿದ್ದ. ಜನರಿಗೆ ಅದು ಹಂದಿಯಾಗಿ ಕಂಡಿತು. ಗದ್ದಲವಾಯಿತು. ಮರುವರ್ಷದ ಅಚ್ಚಿನಲ್ಲಿ ಸೊಂಡಿಲು ಬೆಳೆಯಿತು. ಅಜ್ಜಿಯ ಮಾವ ಬೆಳಗಾವಿಯ ದಂಡಿನ ಕ್ಯಾಂಪಿನಲ್ಲಿ ತುಪ್ಪ ಮಾರಲು ಹೋದಾಗ ಯಾರೋ ಇದನ್ನು ಅವನ ಕೈಗೆ ದಾಟಿಸಿದ್ದರು. ಯಾವ ಅಂಗಡಿಯವನೂ ತೆಗೆದುಕೊಳ್ಳಲಿಲ್ಲ. ಖರ್ಚು ಮಾಡಲು ಬಾರದು, ದೇವರ ಮುಂದೆ ಇಡಲು ಬಾರದು, ಲಕ್ಷ್ಮಿಯಾದ್ದರಿಂದ ಎಸೆಯಲೂ ಬಾರದು. ಗಂಟು ಕಟ್ಟಿ ತಳಕ್ಕೆ ಹಾಕಿದರು. ಆ ಮನೆಯಲ್ಲಿ ಮರ್ಯಾದೆ ಪಡೆದ ಬೇರೆ ರೂಪಾಯಿಗಳೆಲ್ಲ ದೀಪಾವಳಿಗೊಮ್ಮೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿಸಿಕೊಂಡು ರಾಜನ ಮೂಗನ್ನು ಕಳೆದುಕೊಂಡವು. ಮರ್ಯಾದೆಯಿಲ್ಲದ ಇದೊಂದು ಹೊಸದಾಗಿಯೇ ಉಳಿಯಿತು.

“ತಗೀ ಅದನ್ನ,” ಎಂದಳು ಅಜ್ಜಿ. “ಹೆಂಗಿತ್ತೋ ಹಂಗ ಮಾಡಿ ಕೊಡು.”

ಬೇರೆ ಯಾರಾದರೂ ಕೊಂಡಿ ಕಿತ್ತು, ಅರ ಹಾಕಿ ಉಜ್ಜಿ ಕೊಡುತ್ತಿದ್ದರು. ಬಾಳಪ್ಪ ಹುಡುಗ, ‘ಹೆಂಗಿತ್ತೋ ಹಂಗ’ ಎಂಬ ಮಾತನ್ನು ಹಾಗೆಯೇ ನಂಬಿದ. ಎರಡು ದಿನ ಕೂತ. ಬೆಸುಗೆಯನ್ನು ಕೂದಲಷ್ಟು ಕೂದಲಷ್ಟಾಗಿ ಕೆರೆದು ತೆಗೆದ. ರೂಪಾಯಿಯ ಅಂಚಿನ ಸುತ್ತ ಸಣ್ಣ ಸಣ್ಣ ಗೀರುಗಳಿರುತ್ತವಲ್ಲ, ಕೊಂಡಿ ಕೂತ ಜಾಗದಲ್ಲಿ ಅವು ಅಳಿಸಿಹೋಗಿದ್ದವು. ಮೂರು ಮೂಲೆಯ ಅರದಿಂದ ಮತ್ತೆ ಕೊರೆದ. ಎಂಟು ಬರಬೇಕಾದ ಜಾಗದಲ್ಲಿ ಏಳು ಬಂದವು. ಎಣಿಸದೆ ಗೊತ್ತಾಗುವಂತಿರಲಿಲ್ಲ. ಊದುಗೊಳವೆಯ ಉರಿ ತಾಗಿ ಕಿರೀಟದ ಮೇಲೆ ನೀಲಿ, ಜೇನು ಬಣ್ಣ ಕೂತಿತ್ತು. ಆಸಿಡ್ ಹಾಕಿದರೆ ಅದು ಹೋಗುತ್ತಿತ್ತು, ಜೊತೆಗೆ ಹೊಳಪೂ ಹೋಗುತ್ತಿತ್ತು. ಬಿಟ್ಟುಬಿಟ್ಟ.

ಅಜ್ಜಿ ರೂಪಾಯಿಯನ್ನು ಬಿಸಿಲಿಗೆ ಹಿಡಿದು ಎರಡು ಸಲ ತಿರುಗಿಸಿ ನೋಡಿ “ಹೂಂ” ಎಂದಳು. ಬಟ್ಟೆಯಲ್ಲಿ ಕಟ್ಟಿ ಮತ್ತೆ ತಳಕ್ಕೆ ಹಾಕಿದಳು. ಸಿದ್ದಕ್ಕ ಹದಿನಾಲ್ಕು ರೂಪಾಯಿಯ ಸರ ಹಾಕಿಕೊಂಡು ಗಂಡನ ಮನೆಗೆ ಹೋದಳು. ಬಾಳಪ್ಪ ಮುಂದೆ ಇಪ್ಪತ್ತೇಳು ವರ್ಷ ಕೆಲಸ ಮಾಡಿದ. ಅದಕ್ಕಿಂತ ಒಳ್ಳೆಯ ಕೆಲಸ ತನ್ನ ಕೈಯಿಂದ ಆಗಿಲ್ಲವೆಂದು ಅವನಿಗೆ ಗೊತ್ತಿತ್ತು.

ಈಗ ಅದು ಅಮೆರಿಕಕ್ಕೆ ಹೋಗಿ ಪಾಸಾಗಿ ಬಂದಿತ್ತು.

ಮೊದಲ ಎರಡು ದಿನ ಅವನಿಗೆ ಹಿಗ್ಗು. ಮೂರನೆಯ ದಿನ ಚಿಂತೆ ಹತ್ತಿತು. ಏಳು ಗೀರು ಇದ್ದದ್ದು ಅಂಚಿನಲ್ಲಿ. ಅಂಚನ್ನು ಡಬ್ಬಿಯೊಳಗಿನ ಬಿಳಿಯ ಬಳೆ ಕಚ್ಚಿ ಹಿಡಿದಿತ್ತು. ಡಬ್ಬಿ ಇರುವತನಕ ಯಾರಿಗೂ ಕಾಣದು. ಒಡೆದು ಬೇರೆ ಕಂಪನಿಗೆ ಕಳಿಸಿದರೆ ಅಲ್ಲಿ ಯಾರಾದರೂ ಎಣಿಸಿಯಾರು. ಆಗ ರಾಯರ ಅರವತ್ನಾಲ್ಕೂ ಹೋಗುತ್ತದೆ. ಇಷ್ಟು ತಿಳಿದರೂ ಡಬ್ಬಿ ಒಡೆಯಬೇಕೆಂದು ಅವನ ಕೈ ತುರಿಸುತ್ತಿತ್ತು. ತನ್ನ ಕೆಲಸವನ್ನು ಒಮ್ಮೆ ಬರಿಗಣ್ಣಿನಿಂದ ನೋಡಬೇಕು, ಯಾರಿಗಾದರೂ ತೋರಿಸಬೇಕು.

ಹೆಂಡತಿ ಭೀಮಕ್ಕನಿಗೆ ಎಲ್ಲ ಹೇಳಿದ.

“ಒಡದ ತೋರಿಸಿದ್ರ ಏನಂತಾರ?” ಎಂದು ಕೇಳಿದಳು ಅವಳು.

“ನಾಣ್ಯ ಕೆಟ್ಟೈತಿ ಅಂತಾರ.”

“ನಿಮ್ಮ ಕೆಲಸ ಛೊಲೋ ಐತಿ ಅನ್ನೂದಿಲ್ಲ?”

“ಅದನ್ಯಾರು ಅಂತಾರ?”

“ಹಂಗಾರ ಹೋಗಿ ಖರೇ ಹೇಳಿಬಿಡ್ರಿ. ನೀವು ಆಗಂಗಿಲ್ಲ ಅಂದ್ರ ಅವರು ಇನ್ನೊಬ್ಬರ ಕೈಲೆ ಸುತ್ತಿಗಿ ಹಾಕಸ್ತಾರ.”

ಹೇಳಿದರೆ ರಾಯರು ಸಾಕ್ಷಿ ಕೇಳುತ್ತಾರೆಂದು ಬಾಳಪ್ಪನಿಗೆ ಗೊತ್ತಿತ್ತು. ಕಚೇರಿಯಲ್ಲಿ ಕೆಲಸ ಮಾಡಿದವರು. ಎಂಟನೆಯ ದಿನ ಗರಗಸವನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದವನು ಮೊದಲು ಪೀರನವಾಡಿಯಲ್ಲಿ ಇಳಿದ. ಸಿದ್ದಕ್ಕ ಅಲ್ಲಿದ್ದಳು. ಗಂಡ ರಾಯಪ್ಪ ಹತ್ತಿರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಸಿದ್ದಕ್ಕ ನಳದ ಕಟ್ಟೆಯ ಹತ್ತಿರ ಪಾತ್ರೆ ತೊಳೆಯುತ್ತಿದ್ದವಳು ಎದ್ದು ಬಂದಳು.

“ಬರ್ರಿ ಅಣ್ಣಾರ, ಕುಂದರ್ರಿ. ಇಷ್ಟ ದೂರ?”

ಚಹಾ ಕುಡಿದಾದ ಮೇಲೆ ಬಾಳಪ್ಪ ಕೇಳಿದ. “ತಂಗಿ, ನಿನ್ನ ಮದಿವ್ಯಾಗ ಒಂದ ರೂಪಾಯಿಗೆ ಕೊಂಡಿ ಹಚ್ಚಿ ಮತ್ತ ತಗದಿದ್ದೆ. ನೆನಪೈತೇನವಾ?”

“ಹಂದಿ ರೂಪಾಯಿ? ಅದಕ್ಕ ನೀವು ಕೊಂಡಿ ಹಚ್ಚಿದ್ದಿಲ್ಲಲ್ರೀ.”

“ಹಚ್ಚಿದ್ದೆ.”

“ಇಲ್ರೀ. ಅಜ್ಜಿ ಸಾಯೂತನಕ ಹೇಳತಿದ್ಲು. ಪತ್ತಾರ ಹುಡುಗ ಭಾಳ ಶ್ಯಾಣ್ಯಾ, ನೋಡತಲೇ ಹಂದಿ ಅಂತ ಗುರತ ಹಿಡದು ಮುಟ್ಟಲಿಲ್ಲ ಅಂತ. ನಾನೂ ಆಮ್ಯಾಲ ಎಷ್ಟೋ ಸಲ ತಗದ ನೋಡೀನಿ. ಒಂದ ಗೀರೂ ಇಲ್ಲ ಅದಕ್ಕ.”

“ಒಂದ ಗೀರು ಕಮ್ಮಿ ಐತಿ,” ಎಂದ ಬಾಳಪ್ಪ.

ಸಿದ್ದಕ್ಕ ಅವನ ಮುಖ ನೋಡಿದಳು. ಬಿಸಿಲಲ್ಲಿ ಬಂದಿದ್ದಾನೆ ಎಂದುಕೊಂಡು ಒಳಗಿನಿಂದ ಇನ್ನೊಂದು ಲೋಟ ನೀರು ತಂದಳು. “ನಮ್ಮ ಲಕ್ಷ್ಮಪ್ಪ ಅದನ್ನ ಯಾರೋ ಸಾಹೇಬರಿಗೆ ಇನ್ನೂರಕ್ಕ ಮಾರಿ ಊರ ತುಂಬ ಹೇಳಿಕೊಂಡ ಬಂದ. ಹಂದಿ ಮನಿ ಬಿಟ್ಟ ಹೋತಲ್ಲ ಅಂತ ನಾನೂ ಸುಮ್ಮನಾದೆ,” ಎಂದಳು. ಅಪಶಕುನವೆಂದು ಅಜ್ಜಿ ಕೊಂಡಿಯ ಸಂಗತಿಯನ್ನು ಮೊಮ್ಮಗಳಿಂದಲೂ ಮುಚ್ಚಿಟ್ಟಿದ್ದಳೆಂದು ಬಾಳಪ್ಪನಿಗೆ ತಿಳಿಯಿತು. ಅಮೆರಿಕದ ಸುದ್ದಿಯನ್ನು ಅವನು ಸಿದ್ದಕ್ಕನಿಗೆ ಹೇಳಲಿಲ್ಲ. ಇದ್ದ ಒಬ್ಬಳೇ ಸಾಕ್ಷಿ ಅವನ ಕೆಲಸಕ್ಕೆ ಎಲ್ಲರಿಗಿಂತ ದೊಡ್ಡ ಸರ್ಟಿಫಿಕೇಟು ಕೊಟ್ಟು ಅವನನ್ನು ಬರಿಗೈಯಲ್ಲಿ ಕಳಿಸಿದಳು.

ರಾಮತೀರ್ಥ ನಗರದ ಮನೆಯಲ್ಲಿ ರಾಯರು ಕಾಯುತ್ತಿದ್ದರು. ಮೇಜಿನ ಮೇಲೆ ದಪ್ಪ ಟವೆಲು ಹಾಸಿ, ನಡುವೆ ಡಬ್ಬಿ ಇಟ್ಟಿದ್ದರು. ಅವರ ಹೆಂಡತಿ ರಾಧಾಬಾಯಿ ಅವಲಕ್ಕಿ ತಂದುಕೊಟ್ಟು ಬಾಗಿಲಿಗೆ ಒರಗಿ ನಿಂತರು. ಬಾಳಪ್ಪ ಅವಲಕ್ಕಿ ಮುಟ್ಟದೆ, ಮೊದಲಿನಿಂದ ಕೊನೆಯವರೆಗೆ ನಡೆದದ್ದನ್ನು ಹೇಳಿದ. ಎಲ್ಲ ಮುಗಿದ ಮೇಲೆ ರಾಯರು ಸ್ವಲ್ಪ ನಕ್ಕರು.

“ನಿಮ್ಮನ್ನ ಯಾರರೆ ಕಳಿಸ್ಯಾರೇನು, ಪತ್ತಾರ್ರ?”

“ಯಾರ ಕಳಸತಾರ್ರೀ?”

“ಇದರ ಮ್ಯಾಲ ಕಣ್ಣಿಟ್ಟವರು ಬೆಳಗಾವಿಯೊಳಗ ಇಬ್ಬರಿದ್ದಾರ. ನಾಣ್ಯ ಕೆಟ್ಟದ ಅಂತ ಸುದ್ದಿಯಾದರ ಅವರಿಗೆ ಅಗ್ಗಕ್ಕ ಸಿಗತದ.” ದನಿ ಏರಿಸದೆ ಮುಂದುವರಿಸಿದರು. “ಅಲ್ಲಿ ಮೂರು ಮಂದಿ ತಜ್ಞರು ಬ್ಯಾರೆ ಬ್ಯಾರೆ ಕೂತು ನೋಡತಾರಂತ. ಒಬ್ಬರ ಮಾರ್ಕು ಇನ್ನೊಬ್ಬರಿಗೆ ಗೊತ್ತಾಗೂದಿಲ್ಲಂತ. ಅವರಿಗೆ ಕಾಣಲಾರದ್ದು ನಿಮಗ ಕಾಣಸ್ತು?”

“ನನಗೂ ಕಾಣಸಲಿಲ್ರೀ. ನಾ ಮಾಡೀನಿ, ಅದಕ್ಕ ಗೊತ್ತೈತಿ.”

“ಸಾಕ್ಷಿ?”

“ಡಬ್ಬಿಯೊಳಗ ಐತ್ರಿ. ಕಿರೀಟದ ನೇರಕ್ಕ, ಅಂಚಿಗೆ. ಎಂಟ ಗೀರ ಇರೂ ಜಾಗಾದಾಗ ಏಳ ಅದಾವ. ಗರಗಸ ತಂದೀನಿ. ನೀವು ಹೂಂ ಅಂದ್ರ ಐದ ಮಿನಿಟು.”

“ಹಂಗಾರ ತಗದು ನೋಡಿಬಿಡ್ರಿ,” ಎಂದರು ರಾಧಾಬಾಯಿ. “ಹೆಂಗೂ ಒಡಸಬೇಕಂತನ ಕೂತೀರಿ.”

ರಾಯರು ಡಬ್ಬಿಯನ್ನು ಎತ್ತಿಕೊಂಡರು. ಓರೆಯಾಗಿ ಹಿಡಿದು ಅಂಚಿನ ಕಡೆಯಿಂದ ನೋಡಿದರು. ಬಿಳಿಯ ಬಳೆಯಲ್ಲದೆ ಏನೂ ಕಾಣಲಿಲ್ಲ. ಕಿಟಕಿಯ ಬೆಳಕಿಗೆ ಹೋಗಿ ಮತ್ತೆ ನೋಡಿದರು.

“ಇವರು ಹೇಳೂದು ಸುಳ್ಳದ,” ಎಂದರು. “ಸುಳ್ಳಿನ ಸಲುವಾಗಿ ಡಬ್ಬಿ ಯಾಕ ಒಡೀಬೇಕು?”

“ಸುಳ್ಳಾದರ ಒಡೀಲಿಕ್ಕೆ ಏನ ಅಡ್ಡಿ?”

ರಾಯರು ಮೇಜಿಗೆ ಬಂದು ಕೂತರು. ಡಬ್ಬಿಯನ್ನು ರೇಷ್ಮೆ ಖಣದಲ್ಲಿ ಸುತ್ತಿದರು, ಟವೆಲಿನಲ್ಲಿ ಸುತ್ತಿದರು, ಪೇಪರು ಸುತ್ತಿ ಅದಕ್ಕೊಂದು ದಾರ ಕಟ್ಟಿದರು. “ಅರವತ್ನಾಲ್ಕು ಏನು ಕಡಿಮಿ ಅಲ್ಲ. ಮನುಷ್ಯಾಗ ಎಲ್ಲಿಯರೆ ತೃಪ್ತಿ ಅನ್ನೂದು ಇರಬೇಕು,” ಎಂದು ಯಾರಿಗೂ ಅಲ್ಲದಂತೆ ಹೇಳಿದರು. ನಾಲ್ಕು ತಿಂಗಳು ದತ್ತಾತ್ರೇಯನಿಗೂ ತೀರ್ಮಾನಿಸಲಾಗದಿದ್ದ ವಿಷಯವನ್ನು, ತಾವು ನಂಬದ ಒಂದು ಮಾತಿನ ಬಲದಿಂದ ಎರಡು ನಿಮಿಷದಲ್ಲಿ ತೀರ್ಮಾನಿಸಿದ್ದರು. ಬಾಳಪ್ಪನಿಗೆ ಬಸ್ಸಿನ ಖರ್ಚು ಕೊಡಲು ಹೋದರು. ಅವನು ತೆಗೆದುಕೊಳ್ಳಲಿಲ್ಲ. ರಾಧಾಬಾಯಿ ಅವಲಕ್ಕಿಯನ್ನು ಪೇಪರಿನಲ್ಲಿ ಕಟ್ಟಿ ಚೀಲಕ್ಕೆ ಹಾಕಿದರು.

ಊರು ಮುಟ್ಟುವತನಕ ಅವನಿಗೆ ಸಿಟ್ಟು ಬಂದಿರಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವಾಗ ಬಂತು.

“ಖರೇ ಹೇಳಿದ್ರ ಸುಳ್ಳಗಾರ ಅಂದ್ರು,” ಎಂದ ಭೀಮಕ್ಕನಿಗೆ.

“ನಂಬಿದ್ರ ಏನ ಅಂತಿದ್ರು? ನಾಣ್ಯ ಕೆಡಸಿದಾಂವ ಅಂತಿದ್ರು,” ಎಂದಳು ಅವಳು. “ಸುಳ್ಳಗಾರ ಅನ್ನಿಸಿಕೊಳ್ಳೂದ ಹಗರ ಆತು. ಕೈಕಾಲ ತೊಳಕೋರಿ.”

ಮುಂದಿನ ಜನವರಿಯಲ್ಲಿ ಬೆಳಗಾವಿಯ ಒಂದು ಕಲ್ಯಾಣ ಮಂಟಪದಲ್ಲಿ ಹಳೆಯ ನಾಣ್ಯ, ಅಂಚೆಚೀಟಿಗಳ ಪ್ರದರ್ಶನ ಏರ್ಪಟ್ಟಿತು. ಪೇಪರಿನಲ್ಲಿ ಹಂದಿ ರೂಪಾಯಿಯ ಫೋಟೋ ಬಂತು. ಬಾಳಪ್ಪ ಬೆಳ್ಳಿ ತರಲು ಹೋಗುತ್ತೇನೆಂದು ಭೀಮಕ್ಕನಿಗೆ ಹೇಳಿ ಹೊರಟ. ಆ ರೂಪಾಯಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಒಂಟಿಯಾಗಿ ಇಟ್ಟು, ಮೇಲೊಂದು ದೀಪ ಹಾಕಿದ್ದರು. ಎರಡು ಸಾಲಾಗಿ ನಿಂತ ಶಾಲೆ ಮಕ್ಕಳಿಗೆ ಮತ್ತು ಅವರ ಮಾಸ್ತರರಿಗೆ ಮಾರ್ತಾಂಡರಾಯರೇ ವಿವರಿಸುತ್ತಿದ್ದರು. ರಾಜ ಯಾರು, ಸೊಂಡಿಲು ಹೇಗೆ ಗಿಡ್ಡವಾಯಿತು, ಜನ ಯಾಕೆ ಸಿಟ್ಟಾದರು. ಆಮೇಲೆ ಕಿರೀಟದ ಮೇಲಿನ ನೀಲಿ ಕಮಾನಿಗೆ ಬಂದರು.

“ಈ ಬಣ್ಣ ನೋಡ್ರಿ. ಇದು ತಾನಾಗಿ ಬಂದದ್ದು. ತೊಂಬತ್ತು ವರ್ಷದಿಂದ ಈ ನಾಣ್ಯಕ್ಕ ಮನುಷ್ಯಾರ ಕೈ...” ಎನ್ನುವಷ್ಟರಲ್ಲಿ ಮಕ್ಕಳ ಹಿಂದೆ ನಿಂತಿದ್ದ ಬಾಳಪ್ಪ ಅವರಿಗೆ ಕಂಡ. ರಾಯರು ಕನ್ನಡಕ ಸರಿಮಾಡಿಕೊಂಡರು. “ಹೆಚ್ಚು ಮಂದಿ ಕೈ ತಾಗಿಲ್ಲ,” ಎಂದು ಮುಗಿಸಿ, ಮಕ್ಕಳನ್ನು ಅಂಚೆಚೀಟಿಗಳ ಕಡೆ ಕರೆದುಕೊಂಡು ಹೋದರು.

ಬಾಳಪ್ಪ ಗಾಜಿನ ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದ. ಗಾಜು ಮುಟ್ಟಬೇಡಿ ಎಂದು ಕಾವಲಿನವನು ಎರಡು ಸಲ ಹೇಳಿದ.

ಆ ವರ್ಷದ ಮಳೆಗಾಲ ಮುಗಿದ ಮೇಲೆ, ಕೊಲ್ಹಾಪುರದ ಕಡೆಯಿಂದ ಬಿಳಿ ಅಂಗಿಯವರೊಬ್ಬರು ಕಾರಿನಲ್ಲಿ ಬಂದು ಅವನ ಅಂಗಡಿ ಹುಡುಕಿದರು. ಮೂರು ಸಲ ಮುಂದೆಯೇ ಹಾದುಹೋದ ಮೇಲೆ ನಾಲ್ಕನೆಯ ಸಲ ಸಿಕ್ಕಿತು. ಮರಾಠಿ ಬೆರೆಸಿದ ಕನ್ನಡದಲ್ಲಿ ದನಿ ಇಳಿಸಿ ಮಾತಾಡಿದರು. ಅವರ ಹತ್ತಿರ ಹಳೆಯ ಸರದ ಹನ್ನೊಂದು ರೂಪಾಯಿಗಳಿದ್ದವು, ಎಲ್ಲಕ್ಕೂ ಕೊಂಡಿ. ಕೊಂಡಿ ತೆಗೆದು, ಇದ್ದ ಗುರುತೇ ಇಲ್ಲದಂತೆ ಮಾಡಿಕೊಡಬೇಕು. ಮಜೂರಿ ಕೇಳಿದಷ್ಟು. ಒಂದೇ ಷರತ್ತು, ಹೊರಗೆ ಯಾರಿಗೂ ಹೇಳಬಾರದು.

“ನನ್ನ ಹೆಸರು ನಿಮಗ ಯಾರ ಹೇಳಿದ್ರು?” ಎಂದು ಕೇಳಿದ ಬಾಳಪ್ಪ.

“ರಾಮತೀರ್ಥ ನಗರದ ಮಾರ್ತಾಂಡರಾಯರು. ಈ ಕೆಲಸಕ್ಕ ನಿಮ್ಮಂಥಾ ಕೈ ಇಡೀ ಜಿಲ್ಲಾದಾಗ ಇಲ್ಲ ಅಂದ್ರು. ಅಮೆರಿಕದವರಿಗೂ ಗುರತ ಸಿಗೂದಿಲ್ಲಂತ.”

ಬಾಳಪ್ಪ ಹನ್ನೊಂದು ರೂಪಾಯಿಗಳನ್ನೂ ಒಂದೊಂದಾಗಿ ಎತ್ತಿ ಅಂಚು ನೋಡಿದ. ಎರಡು ಅವನ ಅಪ್ಪನ ಬೆಸುಗೆ, ನೋಡಿದೊಡನೆ ತಿಳಿಯಿತು. ಎಲ್ಲವನ್ನೂ ಅವರ ಬಟ್ಟೆಯಲ್ಲೇ ಕಟ್ಟಿ ತಿರುಗಿ ಕೊಟ್ಟ.

“ನನಗ ಅಂಥಾ ಕೆಲಸ ಬರೂದಿಲ್ರೀ,” ಎಂದ. “ಬೇಕಾದ್ರ ರಾಯರ ಮುಂದ ನನ್ನ ಹೆಸರ ಹೇಳಿ ಕೇಳ್ರಿ. ನಾ ಸುಳ್ಳಗಾರ ಅಂತ ಅವರ ಹೇಳ್ತಾರ.”

ಬಂದವರು ಇನ್ನೂ ಸ್ವಲ್ಪ ಹೊತ್ತು ಕಾದರು. ಬಾಳಪ್ಪ ಆಗಲೇ ಕನ್ನಡಕ ಏರಿಸಿ, ಚಿಮಟದಲ್ಲಿ ಯಾರದೋ ಝುಮಕಿಯ ಮಣಿ ಹಿಡಿದಿದ್ದ. ಕಾರು ತಿರುಗಿಸಲು ಜಾಗ ಸಾಲದೆ, ಸೈಕಲ್ ರಿಪೇರಿಯವನು ತನ್ನ ಗಾಲಿಗಳನ್ನು ಎತ್ತಿಕೊಳ್ಳಬೇಕಾಯಿತು.